ಚನ್ನಪ್ಪಜ್ಜನಿಗೆ ಮಣ್ಣು ಕೊಟ್ಟ ವರ್ಷ

ಸಿಂಗಾಪುರದಲ್ಲಿ ಮಣ್ಣಿಗೆ ಹೋದವರಿಗೂ ಜಾಗ ಶಾಶ್ವತವಲ್ಲ. ಹದಿನೈದು ವರ್ಷ ದಾಟಿದ ಗೋರಿಗಳನ್ನು ಸರದಿಯ ಪ್ರಕಾರ ತೆರೆಯುತ್ತಾರೆ. ಉಳಿದದ್ದನ್ನು ಎತ್ತಿ, ಅವರವರ ಧರ್ಮಕ್ಕೆ ತಕ್ಕಂತೆ ಸುಡುತ್ತಾರೆ, ಇಲ್ಲವೇ ಇನ್ನೂ ಚಿಕ್ಕದೊಂದು ಜಾಗದಲ್ಲಿ ಹೂಳುತ್ತಾರೆ. ಕಳೆದ ವರ್ಷ ನಮಗೂ ಅಂಥ ಪತ್ರ ಬಂತು. ಗೊತ್ತುಪಡಿಸಿದ ದಿನ ಬೆಳಗ್ಗೆ ನಾನು, ನನ್ನ ಗಂಡ ಮಹಾಂತೇಶ ಚುವಾ ಚು ಕಾಂಗ್‌ನ ಸ್ಮಶಾನದಲ್ಲಿ ಕೊಡೆ ಹಿಡಿದು ನಿಂತಿದ್ದೆವು. ಹಿಂದಿನ ದಿನವಿಡೀ ಮಳೆಯಾಗಿತ್ತು. ಅಗೆತ ಆಳಕ್ಕೆ ಇಳಿದಂತೆ ಕೆಂಪು ಮಣ್ಣಿನ ವಾಸನೆ ಎದ್ದು ಬಂತು. ಬೇರು, ತುಕ್ಕು, ಮಳೆನೀರು ಎಲ್ಲ ಕೂಡಿದ ಆ ವಾಸನೆಯನ್ನು ನಾನು ಜೀವನದಲ್ಲಿ ಇನ್ನೊಂದೇ ಸಲ ಅಷ್ಟು ಹತ್ತಿರದಿಂದ ಮೂಸಿದ್ದೆ, ಅದೂ ಅದೇ ಜಾಗದಲ್ಲಿ.

ಸ್ವಲ್ಪ ಹೊತ್ತಿಗೆ ಒಬ್ಬ ಕೆಲಸಗಾರ ಹಕ್ಕಿಯ ಮೊಟ್ಟೆ ಗಾತ್ರದ ಕಪ್ಪಗಿನದೊಂದನ್ನು ಅಂಗೈಯಲ್ಲಿಟ್ಟುಕೊಂಡು ಮೇಲೆ ಬಂದ. ಇಷ್ಟಲಿಂಗ.

"ಬಾಸ್, ಯುವರ್ಸ್?" ಎಂದು ಮಹಾಂತೇಶನನ್ನು ಕೇಳಿದ.

ಮಹಾಂತೇಶ ಅದನ್ನು ಅಂಗಿಯ ತುದಿಯಿಂದ ಒರೆಸಿ ನೋಡಿದ. ಹುಟ್ಟಿದ ವಾರದೊಳಗೆ ಅವನ ಕೊರಳಿಗೆ ಕಟ್ಟಿದ್ದ ಲಿಂಗವದು. ಆದರೂ ತಲೆಯಾಡಿಸಿ, "ನಂದಲ್ಲ, ಅಜ್ಜಂದು. ಮತ್ತೆ ಹೂಳುವಾಗ ಅವರ ಜೊತೆಗೇ ಇಡಿ," ಎಂದ.

ಆ ಅಜ್ಜ ನಮಗೆ ಯಾವ ಸಂಬಂಧದಲ್ಲೂ ಅಜ್ಜನಲ್ಲ. ನಾವು ಅವರನ್ನು ಬಲ್ಲದ್ದು ಎರಡು ಸಾವಿರದ ಆರರ ಕೊನೆಯ ಕೆಲವು ತಿಂಗಳು ಮಾತ್ರ.

ಆಗ ಊರಿಗೆ ಊರೇ ಓಡುತ್ತಿತ್ತು. ರಾಫೆಲ್ಸ್ ಪ್ಲೇಸ್‌ನ ಬ್ಯಾಂಕೊಂದರಲ್ಲಿ ನನಗೆ ಕೆಲಸ. ವಾರಕ್ಕೊಂದು ಹೊಸ ಮುಖ, ತಿಂಗಳಿಗೊಂದು ಹೊಸ ತಂಡ. ಬೆಳಗ್ಗೆ ಎಂಆರ್‌ಟಿ ರೈಲಿನ ಬಾಗಿಲು ತೆರೆದರೆ ಜನ ಚೀಲದಿಂದ ಜೋಳ ಸುರಿದಂತೆ ಸುರಿಯುತ್ತಿದ್ದರು. ಮಹಾಂತೇಶನದು ಬ್ಯೂನಾ ವಿಸ್ಟಾದ ಪ್ರಯೋಗಾಲಯ, ಲೋಹಗಳ ಮೇಲೆ ಸಂಶೋಧನೆ. ಗೆಳೆಯರೆಲ್ಲ ಕಾಂಡೊ ಬುಕ್ ಮಾಡುವ ಗಡಿಬಿಡಿಯಲ್ಲಿದ್ದಾಗ ನಾವು ಬೆಡೋಕ್‌ನ ಹಳೆಯ ಬ್ಲಾಕೊಂದರ ಏಳನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಆ ಆಗಸ್ಟ್‌ನಲ್ಲಿ ಇಳಕಲ್ಲಿನಿಂದ ನನ್ನ ಅತ್ತೆ ಶರಣವ್ವ ಬಂದರು. ಹಿಂದಿನ ವರ್ಷ ಮಾವ ತೀರಿಕೊಂಡಿದ್ದರು. ಒಂದಷ್ಟು ತಿಂಗಳು ಮಗನ ಜೊತೆ ಇರಲಿ ಎಂದು ನಾವೇ ಕರೆಸಿಕೊಂಡಿದ್ದೆವು.

ಅವರು ಬಂದು ಕೆಲವು ವಾರಕ್ಕೆ ಹೊಗೆಯೂ ಬಂತು. ಸಮುದ್ರದಾಚೆ ಸುಮಾತ್ರಾದಲ್ಲಿ ಕಾಡಿಗೆ ಬೆಂಕಿ ಹಚ್ಚಿದ ಹೊಗೆ. ಕಿಟಕಿ ಮುಚ್ಚಿದರೂ ಹಾಸಿಗೆ, ದಿಂಬು, ಕುದಿಯುವ ಅನ್ನಕ್ಕೂ ಅದೇ ವಾಸನೆ. ಎದುರಿನ ಬ್ಲಾಕ್ ಮಧ್ಯಾಹ್ನವೂ ಮಸುಕು ಮಸುಕು.

"ಇದೇನವ್ವ ವಿದ್ಯಾ, ಥಳಥಳ ಹೊಳಿಯೂ ದೇಶ ಅಂತ ಕರಕೊಂಡ ಬಂದ್ರಿ, ಮೂರು ಹೊತ್ತೂ ಸುಡುಗಾಡ ನಾತ ಬರತೈತಲ್ಲ," ಎನ್ನುತ್ತಿದ್ದರು ಅತ್ತೆ.

ನಾವಿಬ್ಬರೂ ಕೆಲಸಕ್ಕೆ ಹೋದರೆ ಅವರಿಗೆ ಮಾತಿಗೆ ಜನವಿಲ್ಲ. ಟಿವಿಯಲ್ಲಿ ಕನ್ನಡವಿಲ್ಲ. ಹಾಗಾಗಿ ಮೂಗಿಗೆ ಸೆರಗು ಕಟ್ಟಿಕೊಂಡು ದಿನಾ ಬೆಳಗ್ಗೆ ಕೆಳಗಿನ ಮಾರ್ಕೆಟ್ಟಿಗೆ ಹೋಗಿಬಿಡುತ್ತಿದ್ದರು. ಚೀನೀ ಹೆಂಗಸರ ಜೊತೆ ಬೆರಳಿನಲ್ಲೇ ಚೌಕಾಶಿ ಮಾಡಿ ಬೆಂಡೆಕಾಯಿ ತರುತ್ತಿದ್ದರು. ಒಂದು ದಿನ ಸಂಜೆ ನಾನು ಬಾಗಿಲು ತೆಗೆಯುವಷ್ಟರಲ್ಲೇ ಶುರುಮಾಡಿದರು.

"ಇವತ್ತ ಒಬ್ಬ ಮುದುಕಪ್ಪ ಸಿಕ್ಕಿದ್ದ. ನಮ್ಮಾಂವ."

"ನಮ್ಮವರು ಅಂದ್ರೆ ಇಂಡಿಯನ್ನಾ ಅತ್ತೆ?"

"ಏ, ನಮ್ಮಾಂವ ಅಂದ್ರ ನಮ್ಮಾಂವ. ಹುನಗುಂದದ ಕಡ್ಯಾಂವ."

ಆದದ್ದಿಷ್ಟು. ಮಾರ್ಕೆಟ್ಟಿನ ಪಕ್ಕದ, ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಅತ್ತೆ ಸುಸ್ತಾಗಿ ಕೂತಿದ್ದಾರೆ. ಪಕ್ಕದ ಮೇಜಿನಲ್ಲಿ ಬಿಳಿ ಬನಿಯನ್ನು, ಖಾಕಿ ಚಡ್ಡಿ ಹಾಕಿದ ತೀರಾ ವಯಸ್ಸಾದ ಒಬ್ಬರು ಕಾಫಿ ಮುಗಿಸಿ ಎದ್ದಿದ್ದಾರೆ. ಮೊಣಕಾಲು ಹಿಡಿದುಕೊಂಡಿದೆ. ಬಾಯಿಂದ "ಯವ್ವಾ, ಸತ್ನೆಬೇ" ಎಂದು ಬಂದಿದೆ. ಅತ್ತೆ ತಿರುಗಿ, "ಯಾವೂರ್ರೀ ನಿಮ್ಮದು?" ಎಂದು ಕೇಳಿದ್ದಾರೆ. ಆ ಮನುಷ್ಯ ಮತ್ತೆ ಕುರ್ಚಿಯ ಮೇಲೆ ಕೂತುಬಿಟ್ಟರಂತೆ.

ಅವರ ಗುರುತಿನ ಚೀಟಿಯಲ್ಲಿ ಹೆಸರು 'ಚನಪ' ಎಂದಿತ್ತು. ಕಾಫಿ ಅಂಗಡಿಯ ಆಂಟಿಗೆ ಅವರು 'ಚಾನ್ ಅಂಕಲ್'. ನೆರೆಹೊರೆಯವರು ಅವರನ್ನು ತಮಿಳರೆಂದೋ ಮಲಯಾಳಿಯೆಂದೋ ತಿಳಿದಿದ್ದರು. ಅವರಾಗಿ ಯಾರಿಗೂ ತಿದ್ದಿ ಹೇಳಿರಲಿಲ್ಲ. ಎಂಬತ್ತಾರೋ ಎಂಬತ್ತೇಳೋ ವಯಸ್ಸು. ಎರಡು ಬ್ಲಾಕ್ ಆಚೆ ಒಂದು ಕೋಣೆಯ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಜೊತೆಗಿದ್ದ ಮಲಾಯ್ ಹೆಂಡತಿ ಹೋಗಿ ಇಪ್ಪತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಅಲ್ಲಿಂದ ಮುಂದೆ ಅತ್ತೆಗೆ ಹೊತ್ತು ಹೋಗದ ಪ್ರಶ್ನೆಯೇ ಉಳಿಯಲಿಲ್ಲ. ಬೆಳಗ್ಗೆ ನಮಗೆ ರೊಟ್ಟಿ ಬಡಿಯುವಾಗ ಎರಡು ಹೆಚ್ಚು ಬಡಿಯುತ್ತಿದ್ದರು. ಅವನ್ನು ಬಟ್ಟೆಯಲ್ಲಿ ಸುತ್ತಿ, ಶೇಂಗಾ ಚಟ್ನಿಪುಡಿ ಜೊತೆಗಿಟ್ಟುಕೊಂಡು ಅಜ್ಜನ ಬ್ಲಾಕಿನ ಕೆಳಗಿನ ತೆರೆದ ಪಡಸಾಲೆಗೆ, ಇಲ್ಲಿಯವರ ವಾಯ್ಡ್ ಡೆಕ್ಕಿಗೆ, ಒಯ್ಯುತ್ತಿದ್ದರು. ಅಲ್ಲಿ ಚದುರಂಗದ ಪಟ ಕೊರೆದ ಕಲ್ಲುಮೇಜಿನ ಎದುರುಬದುರು ಕೂತು ಇಬ್ಬರ ಮಾತು ನಡೆಯುತ್ತಿತ್ತು. ಶನಿವಾರಗಳಂದು ನಾನೂ ಮಹಾಂತೇಶನೂ ಹೋಗತೊಡಗಿದೆವು. ಅಜ್ಜನ ಕನ್ನಡ ವಿಚಿತ್ರವಾಗಿತ್ತು. ಅದು ಅರವತ್ತು ವರ್ಷ ಹಿಂದಿನ ಹುನಗುಂದದಲ್ಲಿ ನಿಂತುಬಿಟ್ಟಿತ್ತು. ನಡುವೆ ಫೌಜಿನ ಹಿಂದೂಸ್ತಾನಿ, ಬಜಾರಿನ ಮಲಾಯ್. ಊಟಕ್ಕೆ ಅವರ ಬಾಯಲ್ಲಿ ಮಲಾಯ್‌ನ 'ಮಕಾನ್'.

"ನಾ ಮಕಾನ್ ಮುಗಿಸಿ ಬಂದೇನಿ, ಆದರೂ ರೊಟ್ಟಿಗೆ ಒಲ್ಲೆ ಅನ್ನೂದಿಲ್ಲ," ಎನ್ನುತ್ತಿದ್ದರು. ಹಲ್ಲಿರಲಿಲ್ಲ. ರೊಟ್ಟಿಯನ್ನು ಕಪ್ಪು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದರು. ಅತ್ತೆ ಅದನ್ನು ನೋಡಿ ಮುಖ ಕಿವುಚುತ್ತಿದ್ದರು.

"ರೊಟ್ಟಿಗೆ ಕಾಫೀ ಹಚಗೊಂಡ ತಿಂತಾರೇನ್ರೀ ಯಾರರ?"

"ಸೆರೆಮನ್ಯಾಗ ಇದೂ ಇರಲಿಲ್ಲ ತಂಗಿ."

ಅಜ್ಜ ಸಿಪಾಯಿಯಾಗಿದ್ದವರು. ಇಪ್ಪತ್ತರ ವಯಸ್ಸಿನಲ್ಲಿ ಬೆಳಗಾವಿಗೆ ಹೋಗಿ ಬ್ರಿಟಿಷರ ಫೌಜಿಗೆ ಲಾರಿ ಡ್ರೈವರಾಗಿ ಸೇರಿದ್ದರು. ಹಡಗಿನಲ್ಲಿ ಮಲಯಾಕ್ಕೆ ಬಂದು ಇಳಿದ ವರ್ಷವೇ ಜಪಾನಿನವರು ಮೇಲೆ ಬಿದ್ದರು. ಗುಂಡು ತಪ್ಪಿಸಿಕೊಂಡು ಲಾರಿ ಓಡಿಸುತ್ತಾ ಓಡಿಸುತ್ತಾ ಸಿಂಗಾಪುರ ಸೇರಿದಾಗ ಇಲ್ಲಿಯೂ ಬಿಳಿ ಬಾವುಟ ಏರಿತ್ತು. ಆಮೇಲೆ ಮೂರೂವರೆ ವರ್ಷ ಸೆರೆ. ಇದನ್ನೆಲ್ಲ ಅವರು ಲಾರಿಯ ಗೇರು, ಕ್ಲಚ್ಚುಗಳ ಕತೆಯ ಹಾಗೆ ಹೇಳುತ್ತಿದ್ದರು. ನಗಿಸುತ್ತಿದ್ದರು. ಒಬ್ಬನ ಹೆಸರು ಬಂದಾಗ ಮಾತ್ರ ನಿಲ್ಲುತ್ತಿದ್ದರು.

ಆತ ಗುರಸಿದ್ದ. ಅಜ್ಜನ ಊರಿನವನೇ, ಓಣಿಯವನೇ. ಫೌಜಿಗೆ ಬರಲು ಅವನಿಗೆ ಮನಸ್ಸಿರಲಿಲ್ಲ. "ನಡಿಯೋ, ಎರಡು ವರ್ಸಕ್ಕ ವಾಪಸ್ ಬರೂಣಂತ," ಎಂದು ಕೈಹಿಡಿದು ಎಳೆದುಕೊಂಡು ಹೋದವರು ಚನ್ನಪ್ಪ. ಗುರಸಿದ್ದನ ತಾಯಿ ಊರ ಅಗಸಿಯವರೆಗೆ ಬಂದು, "ಚನ್ನ್ಯಾ, ನನ್ನ ಮಗನ್ನ ನಿನ್ನ ಕೈಯಾಗ ಕೊಟ್ಟೇನಪಾ," ಎಂದಿದ್ದಳು.

ಒಂದು ಶನಿವಾರ ಹೊಗೆ ತೀರಾ ದಟ್ಟವಾಗಿತ್ತು. ಅಜ್ಜ ಕೆಮ್ಮುತ್ತಿದ್ದರು. ನಾವು ಒಳಗೆ ನಡೆಯಿರಿ ಎಂದರೂ ಏಳಲಿಲ್ಲ. ಆ ದಿನ ಅವರು ಉಳಿದದ್ದನ್ನು ಹೇಳಿದರು.

"ಮೂರನೇ ವರ್ಸ ಅಂವಗ ಭೇದಿ ಹತ್ತಿತು. ಔಸದ ಇಲ್ಲ. ಉಪ್ಪಿನ ನೀರು ಕುಡಸ್ತಿದ್ದೆ. ನನ್ನ ತೊಡಿ ಮ್ಯಾಲೇ ಹ್ವಾದ. ಹೋಗೂ ಮುಂಚೆ ಒಂದ ಮಾತು ಅಂದ. 'ನನ್ನ ಸುಡಗೊಡಬ್ಯಾಡೋ ಚನ್ನ್ಯಾ. ಕುಂಡ್ರಿಸಿ ಮಣ್ಣು ಕೊಡು.' ಅಲ್ಲೆ ಎಲ್ಲಾರನ್ನೂ ಒಂದ ಕುಣ್ಯಾಗ ಒಗೀತಿದ್ರು. ನಾ ಕಾವಲಿನಾಂವಗ ನನ್ನ ಬೂಟು ಕೊಟ್ಟೆ. ರಬ್ಬರ್ ಗಿಡದ ಬುಡಕ ಕುಣಿ ತೋಡಿದೆ. ಎಲುಬಿನ ಹಂದರ ಆಗಿದ್ದ, ಕುಂಡ್ರಿಸೂದು ತ್ರಾಸ ಆಗಲಿಲ್ಲ. ಆದರ ಅವನ ಕೊಳ್ಳಾಗಿನ ಲಿಂಗ ಇರಲಿಲ್ಲ. ಲಾರಿಗೆ ಬೆಂಕಿ ಹತ್ತಿದಾಗ ಜಿಗದಿದ್ವಿ, ಆವಾಗ ದಾರ ಹರದ ಎಲ್ಲೋ ಬಿದ್ದಿತ್ತು. ಅದಕ್ಕ ನಂದ ಬಿಚ್ಚಿ ಅವನ ಎಡಗೈಯಾಗ ಇಟ್ಟೆ. ಅವತ್ತಿಂದ ನನ್ನ ಕೊಳ್ಳ ಬರಿದು."

ಅತ್ತೆ ಸೆರಗನ್ನು ಕಣ್ಣಿಗೊತ್ತಿಕೊಂಡರು. ಯುದ್ಧ ಮುಗಿದ ಮೇಲೆ ಯಾಕೆ ಊರಿಗೆ ಹೋಗಲಿಲ್ಲ ಎಂದು ಕೇಳಿದ್ದು ನಾನು.

"ಅವನ ಅವ್ವಗ ಏನಂತ ಹೇಳಲಿ? ಈ ವರ್ಸ, ಮುಂದಿನ ವರ್ಸ ಅಂತ ಮುಂದಕ ಹಾಕಿದೆ. ನೌಕರಿ ಸಿಕ್ತು, ಹೇಣ್ತಿ ಸಿಕ್ಕಳು. ಆಮ್ಯಾಲ ಹೋಗಾಕ ಮಾರಿ ಇರಲಿಲ್ಲ. ಸಾಹೇಬ್ರು ಒಮ್ಮೆ ಫೌಜಿನವರ ಗೋರಿ ಹುಡುಕ್ಕೊಂತ ಬಂದಿದ್ರು. ತೋರಸ್ತೇನಿ ಅಂತ ಹೋದೆ. ಗಿಡಾ ಎಲ್ಲಾ ಕಡದಿದ್ರು. ಯಾವ ಬುಡ ಅಂತ ಗುರುತ ಹತ್ತಲಿಲ್ಲ. ಈಗ ಅಲ್ಲೆ ಹನ್ನೆರಡ ಅಂತಸ್ತಿನ ಬ್ಲಾಕ್ ನಿಂತಾವು. ಮಂದಿ ಮ್ಯಾಲೆ ಮನಿ ಮಾಡ್ಯಾರ. ಒಳ್ಳೇದಾಗ್ಲಿ." ಕೆಮ್ಮು ನಿಲ್ಲುವವರೆಗೆ ಕಾದು, ಅತ್ತೆಯ ಕಡೆ ತಿರುಗಿದರು. "ತಂಗಿ, ನನ್ನನ್ನೂ ಸುಡಗೊಡಬ್ಯಾಡ."

"ಈಗ ಯಾಕ ಆ ಮಾತು? ಇನ್ನೂ ರೊಟ್ಟಿ ಖರ್ಚ ಮಾಡೂದೈತಿ ನೀವು," ಎಂದರು ಅತ್ತೆ. ಆದರೆ ಅಂದೇ ತಮ್ಮ ಕೈಚೀಲದಿಂದ ಒಂದು ಚೀಟಿ ತೆಗೆದು ನನ್ನ ಮೊಬೈಲ್ ನಂಬರ್ ಬರೆದುಕೊಟ್ಟರು. "ಏನರ ಆದ್ರ ಇದಕ್ಕ ಫೋನ್ ಹಚ್ಚಸ್ರಿ." ಅಜ್ಜ ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

ದೀಪಾವಳಿ ಕಳೆದು ಎರಡು ವಾರಕ್ಕೆ ಒಂದು ಸಂಜೆ ಅತ್ತೆ ಸಪ್ಪಗಿದ್ದರು. ಮೂರು ದಿನದಿಂದ ಅಜ್ಜ ಕೆಳಗೆ ಬಂದಿಲ್ಲ, ಬಾಗಿಲು ಬಡಿದರೂ ತೆಗೆಯುತ್ತಿಲ್ಲ. ಮರುದಿನ ನಾನು ಆಫೀಸಿಗೆ ರಜೆ ಹಾಕಿ ಜೊತೆಗೆ ಹೋದೆ. ಕಾಫಿ ಅಂಗಡಿಯ ಆಂಟಿ ನಮ್ಮನ್ನು ಕಂಡು ತಾನಾಗಿ ಹೊರಬಂದರು. "ಚಾನ್ ಅಂಕಲ್, ಆಂಬ್ಯುಲೆನ್ಸ್ ಟೇಕ್ ಆಲ್ರೆಡಿ ಲಾ. ವೆರಿ ಸಿಕ್. ಬ್ರೀದ್ ಕೆನಾಟ್."

ಆಸ್ಪತ್ರೆಗೆ ಹೋದಾಗ ತಡವಾಗಿತ್ತು. ಹಿಂದಿನ ದಿನ ಮಧ್ಯಾಹ್ನವೇ ಅಜ್ಜ ತೀರಿಕೊಂಡಿದ್ದರು. ಶವಾಗಾರದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ವಾರಸುದಾರರಿಲ್ಲ' ಎಂದು ಬರೆದಿತ್ತು. ಅಂಥವರನ್ನು ಕೆಲವು ದಿನ ಕಾದು ನೋಡಿ, ಸರ್ಕಾರದ ಪರವಾಗಿ ಮರ್ಯಾದೆಯಿಂದಲೇ ಕಳಿಸಿಕೊಡುತ್ತಾರೆ. ಹಿಂದೂ ಹೆಸರಾದ್ದರಿಂದ ದಹನ.

ಸಮಾಜಸೇವಾ ವಿಭಾಗದಲ್ಲಿದ್ದವಳು ಕನ್ನಡಕದ ಎಳೆಯ ಚೀನೀ ಹುಡುಗಿ. ಮೆಲುದನಿ. "ನೀವು ಏನಾಗಬೇಕು ಅವರಿಗೆ?" ಎಂದು ಕೇಳಿದಳು. ಪರಿಚಯದವರು ಎಂದೆ. ಪರಿಚಯಕ್ಕೆ ಏನಾದರೂ ಆಧಾರ ಬೇಕಿತ್ತು, ಫೋಟೊ, ಪತ್ರ, ಏನಾದರೂ. ನಮ್ಮ ಹತ್ತಿರ ಏನಿತ್ತು? ರೊಟ್ಟಿ ಸುತ್ತಿದ ಬಟ್ಟೆ.

ಆಕೆ ಒಂದು ಲಕೋಟೆ ತೆರೆದಳು. ಅಜ್ಜನ ವಸ್ತುಗಳು. ಬೀಗದ ಕೈ, ಫೌಜಿನ ಬಿಡುಗಡೆ ಪತ್ರದ ಹಳದಿ ತುಂಡು, ಒಂದು ಚೀಟಿ. "ಇದು ಅವರ ಕಿಸೆಯಲ್ಲಿತ್ತು. ನರ್ಸ್‌ಗಳಿಗೆ ತೋರಿಸಿ ತೋರಿಸಿ ಏನೋ ಹೇಳುತ್ತಿದ್ದರಂತೆ. ನಮ್ಮ ತಮಿಳು ಸ್ಟಾಫ್, ಮಲಯಾಳಿ ಸ್ಟಾಫ್ ಎಲ್ಲರೂ ನೋಡಿದರು. ಯಾರಿಗೂ ಓದಲಾಗಲಿಲ್ಲ."

ನಾನು ಚೀಟಿ ನೋಡಿದೆ. ಅತ್ತೆ ನನ್ನ ನಂಬರನ್ನು ಕನ್ನಡ ಅಂಕಿಗಳಲ್ಲಿ ಬರೆದಿದ್ದರು.

ಅತ್ತೆಗೂ ಅರ್ಥವಾಯಿತು. ಗೋಡೆಗೆ ಒರಗಿ ನಿಂತುಬಿಟ್ಟರು. "ಯವ್ವಾ, ನಾ ಎಂಥಾ ಹಾಳಾದಾಕಿ. ಅಂವ ತೋರಿಸಿ ತೋರಿಸಿ ಹೋದ್ನಲ್ಲ. ಇಂಗ್ಲೀಷಿನ್ಯಾಗ ಬರದಿದ್ರ ನಾವು ಕಡೀ ಹೊತ್ತಿಗರ ಇರ್ತಿದ್ವಿ." ನಾನು ಅವರ ಕೈಹಿಡಿದುಕೊಂಡು, ಆ ಹುಡುಗಿಗೆ, ಇದು ನನ್ನ ನಂಬರು, ಬರೆದದ್ದು ಇವರು ಎಂದೆ.

ಆಕೆ ಒಂದು ಕ್ಷಣ ಯೋಚಿಸಿದಳು. ಮೇಜಿನ ಮೇಲಿದ್ದ ಫೋನನ್ನು ಹತ್ತಿರಕ್ಕೆಳೆದುಕೊಂಡು, "ಆಂಟಿ ಓದಲಿ. ಒಂದೊಂದೇ ಅಂಕಿ," ಎಂದಳು.

ಅತ್ತೆ ಚೀಟಿ ಹಿಡಿದು ಓದಿದರು. "ಒಂಬತ್ತು..." ನಾನು ಇಂಗ್ಲಿಷಿಗೆ ತಿರುಗಿಸಲು ಹೋದರೆ ಆಕೆ ಬೇಡವೆಂದು ಸನ್ನೆ ಮಾಡಿ, ಅತ್ತೆಗೆ ಫೋನಿನ ಗುಂಡಿಗಳನ್ನು ತೋರಿಸಿದಳು. ಅತ್ತೆ ಚೀಟಿ ನೋಡುತ್ತಾ ತಾವೇ ಒಂದೊಂದಾಗಿ ಒತ್ತಿದರು. ನನ್ನ ಕೈಚೀಲದಲ್ಲಿ ಮೊಬೈಲ್ ರಿಂಗಾಯಿತು. ಆ ಹುಡುಗಿಯ ಕಣ್ಣಲ್ಲೂ ನೀರಿತ್ತು. "ಸಾಕು," ಎಂದು ಅರ್ಜಿಯ ಕಾಗದ ಮುಂದಿಟ್ಟಳು. ಪೊಲೀಸರ ವಿಚಾರಣೆ, ಪ್ರಮಾಣಪತ್ರ ಎಲ್ಲ ಮುಗಿಯಲು ಇನ್ನೂ ನಾಲ್ಕು ದಿನ ಹಿಡಿಯಿತು. ಆದರೆ ಅಜ್ಜನ ಹೆಸರಿನ ಮುಂದಿದ್ದ ಆ ಪದ ಅವತ್ತೇ ಅಳಿಸಿಹೋಯಿತು.

ಸುಡುವುದಲ್ಲ, ಹೂಳುವುದು ಎಂದಾಗ ಇನ್ನೊಂದು ಪಜೀತಿ. ನಮ್ಮ ಕನ್ನಡದವರಲ್ಲೇ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಬೆಂಗಳೂರಿನವರು, ಎಲ್ಲರ ಕಷ್ಟಕ್ಕೂ ಆಗುವ ಮನುಷ್ಯ.

"ನೋಡಮ್ಮ ವಿದ್ಯಾ, ಪ್ರಾಕ್ಟಿಕಲ್ ಆಗಿ ಥಿಂಕ್ ಮಾಡು. ಇಲ್ಲಿ ನಮ್ಮೋರೆಲ್ಲ ಕ್ರಿಮೇಷನ್ನೇ ಮಾಡೋದು. ನಾನೇ ಬುಕ್ ಮಾಡ್ಕೊಡ್ತೀನಿ, ಅರ್ಧ ದಿನದಲ್ಲಿ ಮುಗ್ದೋಗುತ್ತೆ. ಕೂರ್ಸಿ ಹೂಳೋದು ಅಂದ್ರೆ ಈ ಊರಲ್ಲಿ ಯಾರು ಪರ್ಮಿಷನ್ ಕೊಡ್ತಾರೆ? ನಿಮ್ಮತ್ತೆಗೆ ನಾನು ಎಕ್ಸ್‌ಪ್ಲೇನ್ ಮಾಡ್ತೀನಿ, ಕೊಡು ಫೋನು."

ಅತ್ತೆ ಪೂರ್ತಿ ಕೇಳಿಸಿಕೊಂಡರು. "ನೀವು ಹೇಳೂದು ಖರೇ ಐತ್ರೀ. ಆದ್ರ ಸತ್ತಾಂವ ನನ್ನ ಮುಂದ ಬಾಯಿಬಿಟ್ಟು ಹೇಳಿ ಹೋಗ್ಯಾನ. ಅವನ ಮಾತು ನಿಮ್ಮ ಮಾತಿಗಿಂತ ಮ್ಯಾಲಿಂದು," ಎಂದು ಫೋನ್ ನನ್ನ ಕೈಗಿಟ್ಟರು.

ಮಹಾಂತೇಶ ಸ್ಮಶಾನದ ಕಚೇರಿಗೆ ಹೋದ. ನಾನೂ ಹೋಗಿದ್ದೆ. ಮೇಲ್ವಿಚಾರಕ ಹಮೀದ್ ಎಂಬ ಐವತ್ತರ ಮಲಾಯ್ ಮನುಷ್ಯ. ತನ್ನ ಸಂಶೋಧನಾ ವರದಿ ಒಪ್ಪಿಸುವವನಂತೆ ಮಹಾಂತೇಶ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ. ಚೌಕ ಕುಣಿ, ಒಳಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಪದ್ಮಾಸನದಲ್ಲಿ ಕೂತ ದೇಹ.

ಹಮೀದ್ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. "ಓ, ಸಿಟ್ ಡೌನ್ ಪೀಪಲ್," ಎಂದ. "ಇದ್ದಾರೆ, ಇದ್ದಾರೆ. ಕಡಿಮೆ. ನಮ್ಮ ಅಪ್ಪ ಇದೇ ಕೆಲಸದಲ್ಲಿದ್ದ, ಇಂಥದ್ದು ಎರಡೋ ಮೂರೋ ತೋಡಿದ್ದನ್ನ ಹೇಳ್ತಿದ್ದ." ಚಿತ್ರದ ಗೂಡಿನ ಮೇಲೆ ಬೆರಳಿಟ್ಟ. "ಇದು ನಮ್ಮಲ್ಲೂ ಇದೆ ಲಾ. ನಾವೂ ಕುಣಿಯ ಪಕ್ಕದಲ್ಲಿ ಜಾಗ ಕೊರೆದು ಒಳಗೆ ಇಡ್ತೀವಿ. ನಮ್ಮವರು ಮಲಗ್ತಾರೆ, ನಿಮ್ಮವರು ಕೂತ್ಕೊಳ್ತಾರೆ. ಕ್ಯಾನ್, ಆಗುತ್ತೆ. ಮೊದಲು ನಿಮ್ಮ ಧರ್ಮದ ಬಗ್ಗೆ ಒಂದು ಪತ್ರ ತನ್ನಿ, ಮೇಲಿನವರಿಗೆ ನಾನು ಹೇಳ್ತೀನಿ."

ಆ ಪತ್ರ ಇಳಕಲ್ಲಿನಿಂದ ಫ್ಯಾಕ್ಸ್‌ನಲ್ಲಿ ಬಂತು. ಅತ್ತೆಯ ಪರಿಚಯದ ಅಯ್ಯನವರು ಬರೆದು ಸಹಿ ಮಾಡಿ ಕಳಿಸಿದ್ದರು. ಕನ್ನಡದಲ್ಲಿತ್ತು. ಕೆಳಗೆ ನಾನು ಇಂಗ್ಲಿಷಿನಲ್ಲಿ ಬರೆದೆ.

ದೇಹವನ್ನು ತೊಳೆದು ಸಿದ್ಧಮಾಡುವ ಅಂಗಡಿಯ ತಮಿಳರು ಅಂಥದ್ದನ್ನು ಎಂದೂ ಮಾಡಿರಲಿಲ್ಲ. ಶೈತ್ಯಾಗಾರದಿಂದ ಒಂದು ದಿನ ಮೊದಲೇ ಹೊರತೆಗೆದು, ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ, ಎರಡು ತಾಸು ತಾಳ್ಮೆಯಿಂದ ಕಾಲು ಮಡಚಿ ಕೂರಿಸಿದರು. ಪ್ಲೈವುಡ್ಡಿನ ಒಂದು ಆಸನವನ್ನೂ ಬಡಿದು ತಂದಿದ್ದರು. ಅತ್ತೆ ಸೆರಂಗೂನ್ ರಸ್ತೆಯಿಂದ ವಿಭೂತಿ, ಗುಡಿಯಿಂದ ಬಿಲ್ವಪತ್ರೆ ತರಿಸಿದ್ದರು. ಅಜ್ಜನ ಹಣೆ, ತೋಳು, ಎದೆಗೆ ವಿಭೂತಿ ಹಚ್ಚುತ್ತಾ ಹಚ್ಚುತ್ತಾ ಒಮ್ಮೆಲೇ ಕೈ ನಿಲ್ಲಿಸಿದರು.

"ಲಿಂಗ?"

ಬೇರೆಲ್ಲ ನೆನಪಿಟ್ಟಿದ್ದೆವು. ಇದು ಯಾರಿಗೂ ನೆನಪಾಗಿರಲಿಲ್ಲ. ಅಜ್ಜನ ಕೊರಳು ಅರವತ್ತು ವರ್ಷದಿಂದ ಬರಿದಾಗಿತ್ತು. ಊರಿನಿಂದ ತರಿಸಲು ಹೊತ್ತಿಲ್ಲ. ಅತ್ತೆಯ ಕೈ ತಮ್ಮ ಕೊರಳಿಗೆ ಹೋಯಿತು. ಅಷ್ಟರಲ್ಲಿ ಮಹಾಂತೇಶ ಅವರ ಕೈಹಿಡಿದ. ಅವನು ಲಿಂಗ ಕಟ್ಟಿಕೊಳ್ಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದಕ್ಕಾಗಿ ತಾಯಿಯಿಂದ ದಿನಾ ಬೈಸಿಕೊಳ್ಳುತ್ತಿದ್ದ. ಆದರೆ ಪಾಸ್‌ಪೋರ್ಟ್ ಇಡುವ ಚೀಲದಲ್ಲಿ ಅದು ಅವನ ಜೊತೆ ಎಲ್ಲಾ ದೇಶ ತಿರುಗುತ್ತಿತ್ತು. ಟ್ಯಾಕ್ಸಿ ಮಾಡಿ ಮನೆಗೆ ಹೋಗಿ ತಂದ.

"ಮಹಾಂತ್ಯಾ, ಇದು ನಿನ್ನ ಜನ್ಮದ್ದೋ," ಎಂದರು ಅತ್ತೆ.

"ಅವರೂ ತಮ್ಮದು ಕೊಟ್ಟಿದ್ರಲ್ಲವ್ವ."

ಅತ್ತೆ ಅದಕ್ಕೂ ವಿಭೂತಿ ಹಚ್ಚಿ ಅವನ ಕೈಗೆ ಕೊಟ್ಟರು.

ಅಷ್ಟರಲ್ಲಿ ಹೊಗೆ ಹೋಗಿ ಮಳೆಗಾಲ ಹಿಡಿದಿತ್ತು. ಚುವಾ ಚು ಕಾಂಗ್ ತಲುಪಿದಾಗ ಧಾರಾಕಾರ ಮಳೆ. ನಾವು ಮೂವರು ಮತ್ತು ದೇಹ ಸಿದ್ಧಮಾಡಿದ ಅಂಗಡಿಯ ನಾಲ್ವರು ಮಾತ್ರ ಎಂದುಕೊಂಡು ಹೋದರೆ, ಅಲ್ಲಿ ಆ ಬೆಂಗಳೂರಿನ ಹಿರಿಯರು ಹೆಂಡತಿ ಸಮೇತ ನಿಂತಿದ್ದರು. ಜೊತೆಗೆ ಇನ್ನೂ ಎಂಟು ಹತ್ತು ಜನ ಕನ್ನಡದವರು. "ಹಟ ಗೆದ್ರಲ್ಲಮ್ಮ," ಎಂದು ಅತ್ತೆಗೆ ಕೈಮುಗಿದರು. ಕಾಫಿ ಅಂಗಡಿಯ ಆಂಟಿ ಅಂಗಡಿ ಮುಚ್ಚಿ, ಎರಡು ಬಸ್ ಬದಲಿಸಿ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಪ್ಪು ಕಾಫಿ.

ಹಮೀದ್ ಕುಣಿಯ ಮೇಲೆ ಟಾರ್ಪಾಲಿನ್ ಕಟ್ಟಿಸಿ, ಒಳಗಿನ ನೀರನ್ನು ಬಕೆಟ್ಟಿನಲ್ಲಿ ತೋಡಿಸಿದ್ದ. ಇಳಿಯಲು ಮೆಟ್ಟಿಲು ಕೊರೆಸಿದ್ದ. ಗೂಡಿನ ತಳಕ್ಕೆ ತಾನಾಗಿಯೇ ಒಣ ಮರಳು ಹಾಕಿಸಿದ್ದ. ಮಹಾಂತೇಶ ಆಫೀಸಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಇಳಿದ. ನಾಲ್ಕು ಜನ ಅಜ್ಜನನ್ನು ಆಸನದ ಸಮೇತ ಇಳಿಸಿಕೊಟ್ಟರು. ಮಹಾಂತೇಶ ಕುಣಿಯ ಆ ತುದಿಗೆ ಹಿಂದೆ ಸರಿದು ಅವರನ್ನು ಮಗುವಿನಂತೆ ತಬ್ಬಿ ಹಿಡಿದು, ಗೂಡಿನಲ್ಲಿ ಕೂರಿಸಿದ. ಮೇಲಿಂದ ಅತ್ತೆ ಹೇಳುತ್ತಿದ್ದರು. "ತಲಿ ಬಾಗಾಕ ಬಿಡಬ್ಯಾಡ. ಎಡಗೈ ಮ್ಯಾಲಕ್ಕ ಮಾಡು. ಹಾಂ. ಲಿಂಗ ಇಡು. ಬೆರಳ ಮುಚ್ಚು."

ಇಳಕಲ್ಲಿನ ಅಯ್ಯನವರು ಫೋನಿನಲ್ಲಿದ್ದರು. ನಾನು ಮೊಬೈಲನ್ನು ಸ್ಪೀಕರಿಗೆ ಹಾಕಿ ಕುಣಿಯ ಬಾಯಿಗೆ ಹಿಡಿದಿದ್ದೆ. ಮಂತ್ರ ಅರ್ಧಕ್ಕೆ ಬಂದಾಗ ಲೈನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ. ಎಲ್ಲರೂ ಅತ್ತೆಯ ಮುಖ ನೋಡಿದರು. ಅವರು "ಓಂ ನಮಃ ಶಿವಾಯ," ಎಂದು ತಾವೇ ಶುರುಮಾಡಿದರು. ಸಣ್ಣ ದನಿ. ಆಮೇಲೆ ನಾವೆಲ್ಲ ಸೇರಿದೆವು. ಕೂತವರ ಸುತ್ತ ವಿಭೂತಿ, ಪತ್ರೆ, ಉಪ್ಪು ತುಂಬಿ ಗೂಡು ಮುಚ್ಚುವವರೆಗೂ ಹೇಳಿದೆವು. ಒಬ್ಬೊಬ್ಬರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಕಾಫಿ ಆಂಟಿ ನಮ್ಮನ್ನು ನೋಡಿ ಹಾಗೇ ಮಾಡಿ, ಚೀಲದ ಕಾಫಿಯನ್ನೂ ಮಣ್ಣಿನ ಮೇಲೆ ಸುರಿದರು. ಅತ್ತೆ ಅಡ್ಡಿ ಮಾಡಲಿಲ್ಲ.

ಕಲ್ಲಿನ ಮೇಲೆ ಏನು ಬರೆಸುವುದು ಎಂದು ಹಮೀದ್ ಕೇಳಿದಾಗ ಅತ್ತೆ ಎರಡು ಹೆಸರು ಹೇಳಿದರು. ಚನ್ನಪ್ಪ, ಗುರಸಿದ್ದ. ಕೆಳಗೆ, ಇಬ್ಬರೂ ಸಿಪಾಯಿಗಳು. ಒಬ್ಬರೇ ತಾನೇ ಒಳಗಿರುವುದು ಎಂದು ಹಮೀದ್‌ಗೆ ಗೊಂದಲ. ಇನ್ನೊಬ್ಬರ ಜಾಗ ಸಿಗಲಿಲ್ಲ ಎಂದು ನಾನು ಹೇಳಿದೆ. ಅವನು ಎರಡೂ ಹೆಸರು ಬರೆದುಕೊಂಡ.

ಡಿಸೆಂಬರಿನಲ್ಲಿ ಅತ್ತೆ ಊರಿಗೆ ಹೊರಟರು. ಚಾಂಗಿ ವಿಮಾನನಿಲ್ದಾಣದಲ್ಲಿ ಮಗನ ಕೈಹಿಡಿದು, "ಬರೂ ಸಲ ನಿನಗೊಂದು ಹೊಸಾದ್ದು ತರ್ತೀನಿ, ಕಟಗೊಳ್ಳೂದು ಬಿಡೂದು ನಿನಗ ಸೇರಿದ್ದು," ಎಂದರು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅವರ ಫೋನ್ ಬಂತು. ಅಜ್ಜನ ಹಳ್ಳಿಗೆ ಹೋಗಿಬಂದಿದ್ದರು. ಇಳಕಲ್ಲಿನಿಂದ ಎರಡು ಬಸ್. ಚನ್ನಪ್ಪನ ಪೈಕಿ ಅಲ್ಲಿ ಯಾರೂ ಉಳಿದಿರಲಿಲ್ಲ. ಗುರಸಿದ್ದನ ತಂಗಿ ನೀಲವ್ವ ಮಾತ್ರ ಸಿಕ್ಕಿದ್ದಳು. ಅಣ್ಣ ಫೌಜಿಗೆ ಹೊರಟಾಗ ಅವಳು ಐದಾರು ವರ್ಷದ ಹುಡುಗಿ.

"ಎಲ್ಲಾ ಹೇಳಿದೆ. ಸುಮ್ನ ಕೇಳಿದಳವ್ವ. ಅಳಲಿಲ್ಲ, ಏನಿಲ್ಲ. ಕಡೀಕ ಒಂದ ಕೇಳಿದಳು. 'ಅಣ್ಣನ್ನ ಕುಂಡ್ರಿಸಿದ್ರಂತೇನು?' ಹೂಂನವ್ವ, ಅಂದೆ, ಚನ್ನಪ್ಪ ತನ್ನ ಕೈಲೇ ಕುಂಡ್ರಿಸಿ, ತನ್ನ ಲಿಂಗ ಕೊಟ್ಟ ಮಣ್ಣು ಮುಚ್ಚ್ಯಾನ. ಆವಾಗ ಅತ್ತಳು."

ನೀಲವ್ವನ ತಾಯಿ ಸಾಯುವವರೆಗೂ ಮಗ ಬರುತ್ತಾನೆ ಎಂದೇ ಇದ್ದಳಂತೆ. ಹಿರಿಯರ ಹಬ್ಬದ ಅಮಾವಾಸ್ಯೆಗೆ ಮನೆಯ ಸತ್ತವರಿಗೆಲ್ಲ ಎಡೆ ಹಿಡಿದರೂ ಗುರಸಿದ್ದನಿಗೆ ಹಿಡಿಯಗೊಡುತ್ತಿರಲಿಲ್ಲ. ತಾಯಿ ಹೋದ ಮೇಲೂ ನೀಲವ್ವ ಆ ಮಾತು ಮೀರಿರಲಿಲ್ಲ. ಈ ಸಲ ಹಿಡಿಯುತ್ತೇನೆ ಎಂದಳಂತೆ.

"ಆಮ್ಯಾಲ ಕೇಳಿದಳು ವಿದ್ಯಾ, 'ನಾ ಸಣ್ಣಾಕಿ ಇದ್ದೆ, ಅಣ್ಣ ಏನು ಉಣ್ತಿದ್ದ ಅಂತ ನೆನಪಿಲ್ಲ. ಎಡಿಗೆ ಏನ ಮಾಡಲಿ? ಚನ್ನಪ್ಪ ಏನರ ಹೇಳಿದ್ನೇನು ನಿಮ್ಮ ಮುಂದ?'"

"ಹೇಳಿದ್ರಾ ಅತ್ತೆ?"

"ಎಲ್ಲಿ? ಅದೊಂದ ಕೇಳಿರಲಿಲ್ಲ ನಾ. ಆದ್ರ ಆಕಿ ಹಂಗ ನನ್ನ ಮಾರಿ ನೋಡ್ಕೊಂತ ಕುಂತಿದ್ದಳು. ಮಾದ್ಲಿ ಅಂದ್ರ ಭಾಳ ಜೀವ ಇತ್ತಂತ, ಅಂದಬಿಟ್ಟೆ. ನಮ್ಮ ಕಡ್ಯಾಗ ಮಾದ್ಲಿ ಒಲ್ಲೆ ಅನ್ನಾಂವ ಯಾರದಾರ?" ಅತ್ತೆ ದನಿ ತಗ್ಗಿಸಿದರು. "ಸುಳ್ಳ ಹೇಳಿದ್ದು ತಪ್ಪಾತೇನವ್ವ?"

"ಇಲ್ಲ ಅತ್ತೆ," ಎಂದೆ.

"ಹೋಗ್ಲಿ ಬಿಡು. ಎರಡ ಎಡಿ ಹಿಡಿ ಅಂದೇನಿ. ಚನ್ನಪ್ಪಂದೂ ಒಂದು."